ಇರುವೆಗೆ ಸರಸರ ಓಟ ಬಂದದ್ದು

ಆಗ ಲೋಕ ಇನ್ನೂ ಹಸಿಹಸಿ. ಬೆಟ್ಟದ ಮೈ ಮುಟ್ಟಿದರೆ ಬೆರಳಿಗೆ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಹಳ್ಳಕ್ಕೆ ಎತ್ತ ಹರಿಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಮನಸ್ಸು ಬಂದ ಕಡೆ ತಿರುಗುತ್ತಿತ್ತು.

ಆ ಕಾಲದಲ್ಲಿ ಇರುವೆಗಳಿಗೆ ಓಡುವುದೇ ಗೊತ್ತಿರಲಿಲ್ಲ. ನಗಬೇಡ ಮಗಾ, ನಿಜವಾಗಲೂ! ತುಂಬು ಬಸುರಿಯರ ಹಾಗೆ ಕೂತು ಕೂತು ನಡೆಯುತ್ತಿದ್ದವು. ಎದುರಿಗೆ ಯಾರಾದರೂ ಸಿಕ್ಕರೆ ದೂರದಿಂದಲೇ "ಚೆನ್ನಾಗಿದೀಯೇನೇ?" ಅಂದರೆ ಮುಗಿಯಿತು. ಮೂತಿಗೆ ಮೂತಿ ತಾಗಿಸುವ ರೂಢಿಯೆಲ್ಲ ಆಮೇಲೆ ಬಂದದ್ದು.

ಹಳ್ಳದ ದಂಡೆಯ ಹುತ್ತದಲ್ಲಿ ಸಾಕವ್ವ ಅಂತ ಒಬ್ಬ ಇರುವೆ ಇದ್ದಳು. ರಾಗಿ ಕಣಜ ಅವಳ ವಶ. ಕಣಜದ ಪಕ್ಕದ ಕೋಣೆಯಲ್ಲಿ ಬೆಳ್ಳನೆಯ ಮೊಟ್ಟೆಗಳಿದ್ದವು. ಅವು ಒಡೆದು ಮಕ್ಕಳು ಹೊರಗೆ ಬಂದರೆ ತಿನ್ನಲಿ ಅಂತಲೇ ಆ ರಾಗಿ. ಹಾಗಾಗಿ ಒಂದು ಕಾಳು ಅಲುಗಿದರೂ ಸಾಕವ್ವನ ಎದೆ ಅಲುಗುತ್ತಿತ್ತು.

ಒಂದು ಬೆಳಿಗ್ಗೆ ನೋಡುತ್ತಾಳೆ, ರಾಶಿ ತಗ್ಗಿದೆ!

"ಯಾರೋ ಕದೀತಿದಾರೆ," ಅಂದುಕೊಂಡಳು. ಬಾಗಿಲಿಗೆ ಅಡ್ಡಲಾಗಿ ಮಲಗಿದಳು. ಮಾರನೇ ದಿನ ರಾಶಿ ಇನ್ನೂ ತಗ್ಗಿತು. ಆಚೆಯವರು ಯಾರೂ ತನ್ನನ್ನು ದಾಟಿ ಬಂದಿಲ್ಲ. ಅಂದಮೇಲೆ ಒಳಗಿನವರದ್ದೇ ಕೆಲಸ! ಮೈಯೆಲ್ಲ ಉರಿದುಹೋಯಿತು ಅವಳಿಗೆ.

ಅವತ್ತಿನಿಂದ ಶುರುವಾಯಿತು ನೋಡು. ಬಾಗಿಲಲ್ಲಿ ನಿಂತು, ಬಂದವಳ, ಹೋದವಳ ಮೂತಿ ಹಿಡಿದು ಮೂಸುವುದು. "ಬಾಯಿ ತೋರಿಸು. ಇನ್ನೂ ಅಗಲ. ಏನು ನುಂಗಿದೆ ಈಗ?" ಇವಳನ್ನು ನೋಡಿ ಉಳಿದವರಿಗೂ ಅದೇ ಅಂಟಿಕೊಂಡಿತು. ಮುಂದೆ ಹೋಗುವವಳ ಮೇಲೆ ಹಿಂದಿನವಳಿಗೆ ಅನುಮಾನ, ಅವಳ ಹಿಂದಿನವಳಿಗೆ ಇವಳ ಮೇಲೆ ಅನುಮಾನ. ಒಬ್ಬಳನ್ನೊಬ್ಬಳು ಕಣ್ಣಲ್ಲೇ ಕಟ್ಟಿಕೊಂಡು ಸಾಲಾಗಿ ನಡೆಯತೊಡಗಿದರು.

ಸಾಕವ್ವನಿಗೆ ಚೆಲುವಿ ಅಂತ ತಂಗಿ ಇದ್ದಳು. ಬೆನ್ನ ಮೇಲೆ ಹೊತ್ತು ಸಾಕಿದ ತಂಗಿ. ಸಾಕವ್ವ ಅವಳ ಮೂತಿಯನ್ನೂ ಬಿಡದೆ ಮೂಸಿದಳು. ಘಮ್ಮನೆ ರಾಗಿ ವಾಸನೆ!

"ಅಯ್ಯೋ ಅಕ್ಕಾ, ಕಣಜದ ಹೊಟ್ಟು ಗುಡಿಸೋಳು ನಾನು. ರಾಗಿ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ?"

"ಬಾಯಿ ಜೋರು ಬೇರೆ! ಇವತ್ತಿನಿಂದ ನೀನು ಒಳಗೆ ಕಾಲಿಡಬೇಡ."

ಚೆಲುವಿ ಹುತ್ತದ ನೆತ್ತಿಯ ಮೇಲೆ ಹೋಗಿ ಒಬ್ಬಳೇ ಕೂತು ಅತ್ತಳು.

ಮಧ್ಯಾಹ್ನ ಗಾಳಿ ಬಂದು ಬಾಗಿಲಲ್ಲಿ ಏದುಸಿರು ಬಿಟ್ಟಿತು. "ಸಾಕವ್ವಾ, ನನ್ನ ಹಿಂದೆಯೇ ದೊಡ್ಡ ಮಳೆ ಬರ್ತಿದೆ. ಹಳ್ಳ ಈ ಕಡೆ ತಿರುಗೋ ಹಾಗಿದೆ. ಮೊಟ್ಟೆ ಎತ್ತಿಕೊಂಡು ದಿಬ್ಬಕ್ಕೆ ಹೋಗ್ರವ್ವಾ."

"ಓಹೋ! ನಾವು ಆಚೆ ಹೋಗಬೇಕು, ನೀನು ಕಣಜ ಗುಡಿಸಿಕೊಂಡು ಹೋಗಬೇಕು. ಕಳ್ಳ ನೀನೇನಾ ಹಾಗಾದರೆ? ಎಲ್ಲಿ, ಬಾಯಿ ತೋರಿಸು!"

ಗಾಳಿಗೆ ಬಾಯಿ ಎಲ್ಲಿಂದ ಬರಬೇಕು? "ನಿನ್ನ ಹಣೆಬರಹ," ಅಂದು ಹೊರಟುಹೋಯಿತು.

ಇತ್ತ ಚೆಲುವಿ ಕಣ್ಣೊರೆಸಿಕೊಂಡು ನೋಡುತ್ತಾಳೆ, ತಾನು ಕೂತಲ್ಲೆಲ್ಲ ಹಸುರು ಪೈರು! ಒಂದನ್ನು ಕಿತ್ತಳು. ಬುಡದಲ್ಲಿ ರಾಗಿ ಕಾಳಿನ ಸಿಪ್ಪೆ. ಹಸಿ ಮಣ್ಣಿನ ಸೆಕೆಗೆ ಕಣಜದ ರಾಗಿ ಮೊಳಕೆಯೊಡೆದು, ಸೂರು ತೂರಿಕೊಂಡು ತಾನೇ ಎದ್ದು ಬಂದಿತ್ತು. ಯಾರೂ ಕದ್ದಿರಲಿಲ್ಲ! ಅಕ್ಕನಿಗೆ ತೋರಿಸೋಣವೆಂದು ತಲೆ ಎತ್ತಿದರೆ, ಎದುರಿಗೆ ಹಳ್ಳ ಕೆಂಪಗೆ ಉಬ್ಬಿ ಹುತ್ತದತ್ತಲೇ ತಿರುಗುತ್ತಿದೆ.

ಪೈರನ್ನು ಬಾಯಲ್ಲಿ ಕಚ್ಚಿಕೊಂಡು ಚೆಲುವಿ ಸರಸರ ಓಡಿದಳು. ಇರುವೆ ಕುಲದಲ್ಲಿ ಮೊದಲು ಓಡಿದವಳು ಅವಳೇ.

ಸಾಕವ್ವ ಬಾಗಿಲಲ್ಲೇ ಅಡ್ಡಗಟ್ಟಿದಳು. "ಯಾಕೆ ಓಡ್ತಿದೀಯ? ತಪ್ಪು ಮಾಡದವರು ಓಡ್ತಾರಾ? ಬಾಯಲ್ಲೇನದು... ರಾಗಿ! ಬನ್ರೇ ಎಲ್ಲರೂ, ಸಿಕ್ಕಿಬಿದ್ದಳು!"

ಬಾಯಿ ತುಂಬ ಪೈರು, ಮಾತಾಡುವುದು ಹೇಗೆ? ಚೆಲುವಿ ಒಳಗೆ ನುಗ್ಗಲು ನೋಡಿದಳು, ಸಾಕವ್ವ ತಳ್ಳಿದಳು. ಮತ್ತೆ ನುಗ್ಗಿದಳು, ಮತ್ತೆ ತಳ್ಳಿದಳು. ಕೊನೆಗೆ ಪೈರನ್ನು ಅಕ್ಕನ ಕಾಲ ಬಳಿ ಉಗುಳಿ, "ನಿನ್ನ ಕಳ್ಳನನ್ನು ನೀನೇ ನೋಡಕ್ಕಾ! ಹಳ್ಳ ಬಂತು, ಮಕ್ಕಳು!" ಎಂದು ಕೂಗಿದಳು.

ಸಾಕವ್ವ ಪೈರು ನೋಡಿದಳು. ಸಿಪ್ಪೆ ನೋಡಿದಳು. ಅಷ್ಟರಲ್ಲಿ ಕಾಲು ಒದ್ದೆಯಾಯಿತು.

ಆಗ ಎಲ್ಲರೂ ಓಡಿದರು. ಮೊಟ್ಟೆ ಕಚ್ಚಿಕೊಂಡು ದಿಬ್ಬಕ್ಕೆ, ದಿಬ್ಬದಿಂದ ಹುತ್ತಕ್ಕೆ, ಮತ್ತೆ ದಿಬ್ಬಕ್ಕೆ. "ಇನ್ನೊಂದು ಮೊಟ್ಟೆ ಉಳಿದಿದೆ, ತಂದುಬಿಡ್ತೀನಿ ಇರಕ್ಕಾ," ಅಂದು ಚೆಲುವಿ ಒಳಗೆ ಹೋದಳು. ಹಳ್ಳವೂ ಒಳಗೆ ಹೋಯಿತು.

ಮಳೆ ನಿಂತಿತು. ದಿಬ್ಬದ ಮೇಲೆ ಎಲ್ಲಿ ನೋಡಿದರೂ ಇರುವೆಗಳು, ಎಲ್ಲರ ಮುಖವೂ ಕೆಸರು. ತಂಗಿ ಯಾರು, ಬೇರೆಯವರು ಯಾರು, ಸಾಕವ್ವನಿಗೆ ಗುರುತೇ ಸಿಗಲಿಲ್ಲ. ಎದುರು ಬಂದವಳ ಮೂತಿಗೆ ಮೂತಿ ತಾಗಿಸಿ ಮೂಸಿದಳು. ಯಾವ ರಾಗಿ ವಾಸನೆಗೆ ತಂಗಿಯನ್ನು ಆಚೆ ಅಟ್ಟಿದ್ದಳೋ, ಅದೇ ವಾಸನೆಯನ್ನು ಹುಡುಕಿದಳು.

"ಚೆಲುವಿ ಏನೇ?"

"ಅಲ್ಲಕ್ಕಾ."

ಸರಸರ ಮುಂದಿನವಳ ಹತ್ತಿರ ಓಡಿದಳು. "ಚೆಲುವಿ ಏನೇ?" ಅವಳೂ ಅಲ್ಲ. ಹಳ್ಳವನ್ನು ಕೇಳಿದಳು, ಅದು ತಲೆ ತಗ್ಗಿಸಿಕೊಂಡು ಹರಿಯಿತು. ಆ ಬಾಗಿಲಲ್ಲಿ ತಡೆದ ಹೊತ್ತು ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು. ಇನ್ನು ಎಲ್ಲೂ ನಿಧಾನ ಮಾಡಲಾರದೆ ಓಡಿದಳು, ಕೇಳಿದಳು, ಓಡಿದಳು. ಮೊಟ್ಟೆಯೊಡೆದು ಬಂದ ಮಕ್ಕಳು ಕಣ್ಣುಬಿಟ್ಟು ಮೊದಲು ನೋಡಿದ್ದು ಅದನ್ನೇ. ಕಲಿತದ್ದೂ ಅದನ್ನೇ.

ಅದಕ್ಕೇ ಮಗಾ, ಇವತ್ತಿಗೂ ಗೋಡೆಯ ಮೇಲೆ ಸರಸರ ಓಡುವ ಇರುವೆ, ಎದುರಿಗೆ ಇನ್ನೊಂದು ಬಂದಾಗ ಗಕ್ಕನೆ ನಿಂತು, ಮೂತಿಗೆ ಮೂತಿ ತಾಗಿಸಿ, "ಚೆಲುವಿ ಏನೇ?" ಎಂದು ಕೇಳಿ, ಅಲ್ಲವೆಂದು ತಿಳಿದ ಕೂಡಲೇ ಮತ್ತೆ ಓಡುತ್ತದೆ.