ಒಂಬತ್ತು ಗೀರಿನ ಹುಟ್ಟು

ಹೊಳೆದಂಡೆಯ ಆ ಸಣ್ಣ ವಸ್ತುಸಂಗ್ರಹಾಲಯಕ್ಕೆ ಇದ್ದದ್ದು ಒಂದೇ ನಿಯಮ: ನೋಡದೆ ತಲೆಯಾಡಿಸಬಾರದು. ಕೊನೆಕೊನೆಗೆ ಅದನ್ನು ಮುರಿಯದವರು ಅಲ್ಲಿ ಒಬ್ಬರೂ ಉಳಿದಿರಲಿಲ್ಲ.

ನಿಯಮ ಮಾಡಿದವರು ಹಾಲಪ್ಪ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಇಪ್ಪತ್ತು ವರ್ಷ ಅಲ್ಲಿಗೆ ಬಂದವರಿಗೆಲ್ಲ ವಸ್ತುಗಳ ಕಥೆ ಹೇಳಿದವರು. ಕೈಯಲ್ಲಿ ಒಂದು ಬಿದಿರುಕೋಲು. ಜೇಬಿನಲ್ಲಿ ಕಲ್ಲುಸಕ್ಕರೆಯ ಡಬ್ಬಿ.

ವಾಮದೇವ ಅವರ ಬಳಿ ಕಲಿಯಲು ಬಂದಾಗ ಅವನಿಗೆ ಇಪ್ಪತ್ತೆಂಟು ವರ್ಷ. ಎರಡು ಪದವಿ ಪಡೆದಿದ್ದ. ಸವೆದ ಶಾಸನವನ್ನೂ ಓದಬಲ್ಲವನಾಗಿದ್ದ.

"ಏನು ಕಲಿಯಬೇಕು?" ಮೇಷ್ಟ್ರು ಕೇಳಿದರು.

"ನಿಮ್ಮ ಹಾಗೆ ಹೇಳುವುದನ್ನು."

"ಹಾಗಾದರೆ ಮೊದಲು ಬಾಯಿ ಮುಚ್ಚಿಕೊಂಡು ಹಿಂದೆ ಬಾ."

ಹಿತ್ತಾಳೆಯ ದೀಪವೊಂದರ ಮುಂದೆ ಅವರು ನಿಂತರು. "ಇದು ನಾಲ್ಕು ಬತ್ತಿಯ ದೀಪ. ಬಾಣಂತಿಯ ಕೋಣೆಯಲ್ಲಿ ಉರಿಸುತ್ತಿದ್ದರು." ಅಷ್ಟು ಹೇಳಿ ಸುಮ್ಮನಾದರು. ಮೂರು ಸಲ ಉಸಿರೆಳೆದು ಬಿಡುವಷ್ಟು ಹೊತ್ತು.

ವಾಮದೇವ ತಲೆಯಾಡಿಸಿದ.

"ಎಣಿಸು," ಎಂದರು ಮೇಷ್ಟ್ರು.

ಬತ್ತಿ ಇಡುವ ಮೂತಿಗಳು ಐದಿದ್ದವು.

"ನೀವು ನಾಲ್ಕು ಎಂದಿರಿ, ಮೇಷ್ಟ್ರೇ."

"ಅದು ನನ್ನ ಬಾಯಿ. ನಿನ್ನ ತಲೆ ಯಾಕಪ್ಪ ಅಲ್ಲಾಡಿತು? ಕತ್ತು ಸಡಿಲವಾಗಿದೆಯೇ?"

ಅವರ ಪದ್ಧತಿ ಹಾಗೆ. ಪ್ರತಿ ಸುತ್ತಿನಲ್ಲಿ ಬೇಕೆಂದೇ ಒಂದು ಸುಳ್ಳು ಹೇಳುವರು. ಮೂರು ಉಸಿರು ಕಾಯುವರು. "ಅಲ್ಲ" ಎಂದವರಿಗೆ ಒಂದು ಹರಳು ಕಲ್ಲುಸಕ್ಕರೆ. ಯಾರೂ ಎನ್ನದಿದ್ದರೆ ತಾವೇ ಎಣಿಸಿ ತೋರಿಸುವರು. ಆ ದಿನ ಬಂದವರು ತಲೆ ತಗ್ಗಿಸಿಕೊಂಡು ಹೋಗುವರು.

ವಾಮದೇವನಿಗೆ ಮೊದಲ ಹರಳು ಸಿಕ್ಕಿದ್ದು ನಲವತ್ತನೆಯ ದಿನ.

ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಹುಟ್ಟು. ಹರಿಗೋಲು ನಡೆಸುವ ಮರದ ಹುಟ್ಟು, ಆಳೆತ್ತರದ್ದು. ಅದರ ಹಿಡಿಯ ಕೆಳಗೆ ಚಾಕುವಿನಿಂದ ಕೊರೆದ ಒಂಬತ್ತು ಗೀರುಗಳಿದ್ದವು. ಅದರ ಮುಂದೆ ಮಾತ್ರ ಮೇಷ್ಟ್ರು ಎಂದೂ ಸುಳ್ಳು ಹೇಳಿದವರಲ್ಲ.

"ಆ ವರ್ಷ ಹೊಳೆ ಗುಡಿಯ ಮೆಟ್ಟಿಲು ಹತ್ತಿತ್ತು," ಎಂದು ಶುರುಮಾಡುವರು. "ನಡುಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನು ಅಂಬಿಗರ ಸಣ್ಣದುರುಗ ಒಬ್ಬನೇ ಕರೆತಂದ. ಒಬ್ಬರು ದಡ ಮುಟ್ಟಿದರೆ ಒಂದು ಗೀರು. ಮೊದಲನೆಯದು ಕುರಿ ಮೇಯಿಸುವ ಮೈಲಪ್ಪ. ಎರಡು, ಮೂರು, ಅವನ ತಂಗಿಯರು."

ಕೋಲಿನ ತುದಿ ಗೀರಿನಿಂದ ಗೀರಿಗೆ ಇಳಿಯುತ್ತಿತ್ತು.

"ಏಳನೆಯದು ಮುದಿ ಜೋಯಿಸ. ಪಂಚಾಂಗ ಒದ್ದೆಯಾಗುತ್ತದೆ, ಬರುವುದಿಲ್ಲ ಎಂದು ಹಟ ಹಿಡಿದವನು. ದುರುಗ ಪಂಚಾಂಗವನ್ನು ಮೊದಲು ಹರಿಗೋಲಿಗೆ ಎಸೆದ. ಜೋಯಿಸ ಅದರ ಹಿಂದೆಯೇ ಬಂದ. ಎಂಟನೆಯದು ನೇಕಾರರ ಹೊನ್ನಮ್ಮ, ತುಂಬಿದ ಬಸುರಿ. ಒಂಬತ್ತನೆಯದು ಅವಳ ಹೊಟ್ಟೆಯಲ್ಲಿದ್ದ ಕೂಸು."

"ಹೊಟ್ಟೆಯಲ್ಲಿದ್ದದ್ದನ್ನೂ ಎಣಿಸಿದನೇ?" ವಾಮದೇವ ಒಮ್ಮೆ ಕೇಳಿದ.

"ಹುಟ್ಟು ಹಾಕಿದವನಿಗೆ ಭಾರ ಗೊತ್ತಿರುತ್ತದೆ."

"ಈ ಹೆಸರುಗಳು ನಿಮಗೆ ಹೇಗೆ ಗೊತ್ತು?"

"ದುರುಗನ ಮಗಳು ಇದನ್ನು ತಂದುಕೊಟ್ಟಳು. ಅವಳಿಗೆ ಓದು ಬರಹ ಬಾರದು. ಒಂದೊಂದು ಗೀರಿನ ಮೇಲೂ ಬೆರಳಿಟ್ಟು ಒಂದೊಂದು ಹೆಸರು ಹೇಳಿದಳು. ಬೆರಳು ಎತ್ತಿದರೆ ಹೆಸರು ಮರೆತುಹೋಗುತ್ತಿತ್ತು."

ಎರಡನೆಯ ವರ್ಷದ ಮಳೆಗಾಲದಲ್ಲಿ ವಾಮದೇವ ಬೇರೆ ಊರಿಗೆ ಹೋದ. ಅಲ್ಲಿ ಬೆಟ್ಟದ ಮೇಲಿನ ಶಾಸನಗಳನ್ನು ನಕಲು ಮಾಡುವ ಕೆಲಸವಿತ್ತು. ತಿರುಗಿ ಬಂದದ್ದು ಐದು ತಿಂಗಳ ಮೇಲೆ.

ಬಂದ ದಿನವೇ ಮೇಷ್ಟ್ರ ಹಿಂದೆ ನಡೆದ. ಪರವೂರಿನ ಎಂಟು ಹತ್ತು ಜನ ಜೊತೆಗಿದ್ದರು. ಹುಟ್ಟಿನ ಮುಂದೆ ಮೇಷ್ಟ್ರು ನಿಂತರು. ಮೈಲಪ್ಪ, ತಂಗಿಯರು, ಜೋಯಿಸ. ಕೋಲು ಗೀರಿನಿಂದ ಗೀರಿಗೆ ಇಳಿಯಿತು. ಹೊನ್ನಮ್ಮನ ಹೆಸರು ಬಂದಾಗ ಕೋಲು ನಿಂತದ್ದು ಬರೀ ಮರದ ಮೇಲೆ.

ವಾಮದೇವ ಎಣಿಸಿದ. ಏಳು. ಮತ್ತೆ ಎಣಿಸಿದ. ಏಳೇ.

ಬಂದವರೆಲ್ಲ ತಲೆಯಾಡಿಸಿದರು.

ಓಹೋ, ಈಗ ಹುಟ್ಟಿನಲ್ಲೂ ಸುಳ್ಳು, ಇವತ್ತಿನದು ಇದು ಎಂದುಕೊಂಡ ವಾಮದೇವ. ಮೂರು ಉಸಿರಿಗೆ ಕಾದ. ಮೇಷ್ಟ್ರು ನಿಲ್ಲಲೇ ಇಲ್ಲ. ಮುಂದಿನ ವಸ್ತುವಿಗೆ ಹೋದರು.

ಮಾರನೆಯ ದಿನವೂ ಒಂಬತ್ತು ಹೆಸರು, ಏಳು ಗೀರು. ನಡುವೆ ನಿಲುಗಡೆಯಿಲ್ಲ.

ಮೂರನೆಯ ದಿನ ಕೆಂಚಮ್ಮನನ್ನು ಹುಡುಕಿದ. ಬಾಗಿಲು ತೆಗೆಯುವವಳು, ಗುಡಿಸುವವಳು, ಮುಚ್ಚುವವಳು ಅವಳೇ.

"ಕೆಂಚಮ್ಮ, ಆ ಹುಟ್ಟಿನಲ್ಲಿ ಗೀರು ಎಷ್ಟು?"

"ಮೇಷ್ಟ್ರು ಎಷ್ಟು ಅಂತಾರೋ ಅಷ್ಟು."

"ನಾನು ಎಣಿಸಿದೆ. ಏಳು."

"ಮೆಲ್ಲಗೆ ಮಾತಾಡಣ್ಣ." ಅವಳು ಬಾಗಿಲ ಕಡೆ ನೋಡಿದಳು. "ಹಳೇದನ್ನ ಗೆದ್ದಲು ತಿಂದಿತ್ತು. ಮುಟ್ಟಿದರೆ ಹಿಟ್ಟು ಉದುರಿದಂಗೆ ಉದುರೋದು. ಅಧ್ಯಕ್ಷರು ಬಡಗಿ ಹತ್ರ ಇದನ್ನ ಮಾಡಿಸಿ, ಹೊಗೆ ಹಿಡಿಸಿ, ತಂದು ನಿಲ್ಲಿಸಿದರು. ಆ ಪುಣ್ಯಾತ್ಮ ಏಳು ಗೀರು ಹಾಕಿ ಊಟಕ್ಕೆ ಹೋದನಂತೆ. ಆಮೇಲೆ ಮರೆತನಂತೆ."

"ಮೇಷ್ಟ್ರಿಗೆ ಹೇಳಲಿಲ್ಲವೇ?"

"ಹೇಳೋದು ಯಾಕೆ? ಅವರಿಗೆ ಕಾಣಾಕಿಲ್ಲ."

ಕೆಂಚಮ್ಮ ದನಿ ಇನ್ನೂ ತಗ್ಗಿಸಿದಳು.

"ನೀನು ಊರಲ್ಲಿ ಇಲ್ಲದಾಗ ಕಣ್ಣು ಪೂರ್ತಿ ಮಂಜಾಯ್ತು. ಹೆಜ್ಜೆ ಎಣಿಸ್ಕೊಂಡು ನಡೀತಾರೆ. ಒಂದು ಮಣೇನೂ ನಾನು ಅತ್ತಿತ್ತ ಸರಿಸಾಕಿಲ್ಲ, ಸುತ್ತಿ ಸುತ್ತಿ ಗುಡಿಸ್ತೀನಿ. ನೀನೂ ಸುಮ್ಕಿರು."

"ಕಲ್ಲುಸಕ್ಕರೆ ಡಬ್ಬಿ?"

"ಒಳಗೆಲ್ಲ ಒಂದೇ ಗಡ್ಡೆ ಕಟ್ಟೈತೆ. ಯಾರಿಗೆ ಕೊಟ್ಟಾರು? ಅಲ್ಲ ಅನ್ನೋರು ಬೇಕಲ್ಲ."

ವಾಮದೇವ ವಸ್ತುಸಂಗ್ರಹಾಲಯದ ಅಧ್ಯಕ್ಷ ಗುರುಶಾಂತಪ್ಪನವರ ಮನೆಗೆ ಹೋದ. ಅವರೂ ಒಂದು ಕಾಲಕ್ಕೆ ಮೇಷ್ಟ್ರ ಕೈಯಲ್ಲಿ ಮಗ್ಗಿ ಕಲಿತವರು.

"ಇದು ಹೊಸ ಹುಟ್ಟು ಎಂದು ಒಂದು ಫಲಕ ಬರೆದಿಡಬಹುದಿತ್ತು," ಎಂದ ವಾಮದೇವ.

"ಬರೆದರೆ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಮೇಷ್ಟ್ರು ಕೇಳಿಸಿಕೊಳ್ಳುತ್ತಾರೆ. ಮಾರನೆಯ ದಿನದಿಂದ ಅವರು ಅಲ್ಲಿಗೆ ಕಾಲಿಡುವುದಿಲ್ಲ. ಆಮೇಲೆ ಮನೆಯಲ್ಲಿ ಕೂತು ಏನು ಮಾಡಬೇಕಯ್ಯ ಅವರು?"

"ಆದರೆ ನಿಯಮ..."

"ನಿಯಮ ಮಾಡಿದವರ ಮೇಲಿನ ಪ್ರೀತಿಯಿಂದಲೇ ಮುರಿದದ್ದು." ಅವರ ದನಿ ಗಡುಸಾಯಿತು. "ನೋಡು, ಸೋಮವಾರ ಕೋಲನ್ನು ನಿನ್ನ ಕೈಗೆ ಕೊಡಿಸುತ್ತಿದ್ದೇನೆ. ಇನ್ನು ಮೇಲೆ ಕಥೆ ಹೇಳುವವನು ನೀನು, ಅವರು ಪಕ್ಕದಲ್ಲಿ ನಡೆಯುತ್ತಾರೆ. ಮೇಷ್ಟ್ರೇ ನಿನ್ನ ಹೆಸರು ಹೇಳಿದ್ದಾರೆ. ಅವತ್ತು ಅವರ ಎದುರಿಗೆ ನೀನು ಆ ಹುಟ್ಟಿನ ಕಥೆ ಹೇಳಬೇಕು. ಒಂಬತ್ತು ಎನ್ನಬೇಕು. ಎನ್ನಲಾರೆಯಾದರೆ ಈಗಲೇ ಹೇಳು, ಬೇರೆಯವರಿದ್ದಾರೆ."

ವಾಮದೇವ ತಲೆಯಾಡಿಸಿ ಬಂದ.

ಭಾನುವಾರ ಸಂಜೆ ಮೇಷ್ಟ್ರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ವಾಮದೇವ ಒಂದು ಮೆಟ್ಟಿಲು ಕೆಳಗೆ ಕೂತ.

"ಮೇಷ್ಟ್ರೇ, ಈಗೀಗ ನೀವು ಸುತ್ತಿನಲ್ಲಿ ಸುಳ್ಳು ಹೇಳುವುದಿಲ್ಲ."

"ಗಮನಿಸಿದೆಯಾ? ಪರವಾಗಿಲ್ಲ."

"ಯಾಕೆ ಬಿಟ್ಟಿರಿ?"

"ಮುಖಗಳು ಕಾಣುವುದಿಲ್ಲ ಕಣಯ್ಯ, ಯಾರು ತಲೆಯಾಡಿಸಿದರೋ ತಿಳಿಯುವುದಿಲ್ಲ. ಹಿಡಿಯುವವನಿಲ್ಲದಿದ್ದರೆ ಅದು ಪಾಠವಲ್ಲ, ಬರೀ ಸುಳ್ಳು."

ನೀರು ಮೆಟ್ಟಿಲಿಗೆ ತಾಗಿ ಹಿಂದೆ ಸರಿಯುತ್ತಿತ್ತು.

"ಕಾಣದೆ ಹೇಗೆ ಹೇಳುತ್ತೀರಿ?"

"ಎಲ್ಲ ಇದ್ದ ಹಾಗೇ ಇದೆ ಎಂದುಕೊಂಡು ಹೇಳುತ್ತೇನೆ. ನನ್ನ ನಿಯಮವನ್ನು ನಾನೂ ಮುರಿದಂತಾಯಿತು." ಮೇಷ್ಟ್ರು ನಕ್ಕರು. "ಅದಕ್ಕೇ ನಿನ್ನ ಹೆಸರು ಹೇಳಿದ್ದು. ತಪ್ಪಿದರೆ ನೀನಿದ್ದೀಯಲ್ಲ."

ವಾಮದೇವನ ಮೌನವನ್ನು ಮೇಷ್ಟ್ರು ವಿನಯವೆಂದು ತಿಳಿದರು. ಭುಜ ತಟ್ಟಿ ಎದ್ದರು. ಮೆಟ್ಟಿಲು ಎಣಿಸುತ್ತ ಹತ್ತಿಹೋದರು.

ಸೋಮವಾರ ಊರಿನ ಹಿರಿಯರು ಬಂದರು. ಗುರುಶಾಂತಪ್ಪನವರು ಮೇಷ್ಟ್ರಿಗೆ ಶಾಲು ಹೊದಿಸಿದರು. ಮೇಷ್ಟ್ರು ಬಿದಿರುಕೋಲನ್ನು ವಾಮದೇವನ ಕೈಗಿತ್ತರು.

"ಹುಟ್ಟಿನಿಂದ ಶುರುಮಾಡು," ಎಂದರು. "ನಾನು ಇವತ್ತು ಬರೀ ಕೇಳುತ್ತೇನೆ."

ವಾಮದೇವ ಹುಟ್ಟಿನ ಮುಂದೆ ನಿಂತ. ಮೇಷ್ಟ್ರು ಅವನ ಪಕ್ಕದಲ್ಲಿ, ತಲೆ ಸ್ವಲ್ಪ ವಾಲಿಸಿ, ಕಿವಿ ಕೊಟ್ಟು ನಿಂತರು.

"ಆ ವರ್ಷ ಹೊಳೆ ಗುಡಿಯ ಮೆಟ್ಟಿಲು ಹತ್ತಿತ್ತು."

ಮೇಷ್ಟ್ರ ತುಟಿಗಳು ಅವನ ಜೊತೆಗೇ ಅಲ್ಲಾಡಿದವು. ಮೈಲಪ್ಪ ಬಂದ. ತಂಗಿಯರು ಬಂದರು. ಪಂಚಾಂಗ ಹರಿಗೋಲಿಗೆ ಬಿತ್ತು. ಜನ ನಕ್ಕರು. ಏಳನೆಯ ಗೀರಿಗೆ ಕೋಲು ಮುಟ್ಟಿತು.

ವಾಮದೇವ ನಿಲ್ಲಿಸಿದ.

"ಎಂಟನೆಯದು..." ಎಂದು ಗುರುಶಾಂತಪ್ಪನವರು ಎತ್ತಿಕೊಟ್ಟರು. ಹಿರಿಯರು ಆಗಲೇ ತಲೆಯಾಡಿಸುತ್ತಿದ್ದರು. ಬಾಗಿಲ ಬಳಿ ಕೆಂಚಮ್ಮ ಪೊರಕೆಯನ್ನು ಎದೆಗೆ ಅವುಚಿಕೊಂಡಿದ್ದಳು.

"ಹೇಳಪ್ಪ," ಎಂದರು ಮೇಷ್ಟ್ರು ಮೆಲ್ಲಗೆ. "ಹೊನ್ನಮ್ಮ. ಮರೆತೆಯಾ?"

"ಮರೆತಿಲ್ಲ, ಮೇಷ್ಟ್ರೇ. ಹೇಳಲಾರೆ."

ವಾಮದೇವ ಕೋಲನ್ನು ಗುರುಶಾಂತಪ್ಪನವರ ಕಾಲ ಬಳಿ ನೆಲದ ಮೇಲಿಟ್ಟ. ಮೇಷ್ಟ್ರ ಬಲಗೈ ಹಿಡಿದ. ಮುಟ್ಟಬಾರದು ಎಂಬ ಫಲಕ ತೂಗುತ್ತಿದ್ದ ಹಗ್ಗವನ್ನು ಎತ್ತಿ, ಅವರ ತೋರುಬೆರಳನ್ನು ಮೊದಲ ಗೀರಿನ ಮೇಲಿಟ್ಟ.

ಮೇಷ್ಟ್ರಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಬೆರಳು ತಾನೇ ಗೀರನ್ನು ಸವರಿತು.

"ಮೈಲಪ್ಪ," ಎಂದರು ಅವರು.

ಒಂದೊಂದು ಗೀರಿಗೂ ಒಂದೊಂದು ಹೆಸರು. "ಜೋಯಿಸ" ಎಂದ ಮೇಲೆ ಬೆರಳು ನುಣ್ಣನೆಯ ಮರದ ಮೇಲೆ ಜಾರಿತು. ನಿಂತಿತು. ಮೇಲೆ ಹೋಗಿ ಏಳನೆಯ ಗೀರನ್ನು ಮುಟ್ಟಿತು. ಮತ್ತೆ ಇಳಿಯಿತು. ಹುಟ್ಟಿನ ತುದಿಯವರೆಗೂ ಹುಡುಕಿತು.

ಮೇಷ್ಟ್ರು ಬೆರಳನ್ನು ಮೂಗಿನ ಬಳಿ ತಂದು ಮೂಸಿದರು. ಹೊಗೆಯ ವಾಸನೆ.

"ಮೇಷ್ಟ್ರೇ," ಎಂದರು ಗುರುಶಾಂತಪ್ಪನವರು. "ಹಳೆಯದನ್ನು ಗೆದ್ದಲು ತಿಂದಿತು. ನಿಮಗೆ ನೋವಾಗಬಾರದು ಎಂದು..."

ಮೇಷ್ಟ್ರು ಎಡಗೈ ಎತ್ತಿದರು.

ಒಂದು ಉಸಿರು. ಎರಡು. ಮೂರು.

ಈ ಸಲ ಒಂದು ತಲೆಯೂ ಅಲ್ಲಾಡಲಿಲ್ಲ. ವಾಮದೇವ ಅವರ ಕೈಯನ್ನು ಬಿಟ್ಟಿರಲಿಲ್ಲ. ಆ ಬೆರಳನ್ನು ಮತ್ತೆ ಮರದ ಮೇಲೆ, ಎಂಟನೆಯ ಗೀರು ಇರಬೇಕಾಗಿದ್ದ ಕಡೆ ಇಟ್ಟು ಹಿಡಿದ.

ಮೇಷ್ಟ್ರು ಜನರಿದ್ದ ಕಡೆ ಮುಖ ತಿರುಗಿಸಿದರು.

"ಹೊನ್ನಮ್ಮ ಇನ್ನೂ ನಡುಗಡ್ಡೆಯಲ್ಲೇ ಇದ್ದಾಳೆ. ಕರೆತರಲು ಯಾರು ಹೋಗುತ್ತೀರಿ?"