ಹುಳ ಅಂದರೆ ಯಾವ ಹುಳ?

ಮಕ್ಕಳೇ, ಕೆನ್ನೀರು ಹೊಳೆ ಕುದುರೆಲಾಳದ ಹಾಗೆ ಬಾಗುವ ಕಡೆ ಒಂದು ಕಾಡಿದೆ. ಆ ಕಾಡನ್ನು ನನ್ನಷ್ಟು ಬಲ್ಲವರು ಈ ಸೀಮೆಯಲ್ಲೇ ಇಲ್ಲ. ಅಲ್ಲಿಯ ಹುಲಿ ನನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿತ್ತು. ಅದನ್ನು ಕಂಡರೆ ನಾನೂ ದಾರಿ ಬಿಟ್ಟು ನಿಲ್ಲುತ್ತಿದ್ದೆ. ಹೀಗೆ ಇಬ್ಬರೂ ದಾರಿ ಬಿಟ್ಟೂ ಬಿಟ್ಟೂ ಆ ದಾರಿಯಲ್ಲಿ ಹುಲ್ಲು ಬೆಳೆದುಬಿಟ್ಟಿತು. ಅದು ಹಾಗಿರಲಿ.

ಮಳೆಗಾಲ ಬಂತೆಂದರೆ ಆ ಕಾಡಿನಲ್ಲಿ ಎಲ್ಲರ ಎದೆಯೂ ಡವಡವ. ಹೊಳೆ ಉಕ್ಕಿದರೆ ಕಾಡೆಲ್ಲ ಮುಳುಗಿ, ನಡುವಿನ ಬೋಳುದಿಣ್ಣೆ ಒಂದೇ ನೀರಿನ ಮೇಲೆ ಉಳಿಯುತ್ತಿತ್ತು. ಎಲ್ಲ ಪ್ರಾಣಿಗಳೂ ಅಲ್ಲಿಗೇ ಓಡಬೇಕು, ನೀರು ಇಳಿಯುವ ತನಕ ಅಲ್ಲೇ ಒತ್ತೊತ್ತಾಗಿ ನಿಲ್ಲಬೇಕು. ದಿಣ್ಣೆಯ ಮೇಲೆ ಯಾರೂ ಯಾರನ್ನೂ ತಿನ್ನುವ ಹಾಗಿಲ್ಲ ಎಂದು ಕರಾರಾಗಿತ್ತು. ಆದರೆ ಆ ಕರಾರು ದಿಣ್ಣೆಯ ಅಂಚಿಗೇ ಮುಗಿಯುತ್ತಿತ್ತು. ಅಂಚಿನಾಚೆ ನೀರು, ನೀರಿನಲ್ಲಿ ನೀರುಮಾವ.

ನೀರುಮಾವ ಅಂದರೆ ಮೊಸಳೆ. ಹೆಸರು ಹಿಡಿದರೆ ಬಂದುಬಿಡುತ್ತಾನೆಂದು ಅಲ್ಲಿ ಯಾರೂ ಅವನನ್ನು ಮೊಸಳೆ ಅನ್ನುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಹಾವು ಅನ್ನದೆ ಹುಳ ಅನ್ನುತ್ತಾರಲ್ಲ? ಆ ಕಾಡಿನಲ್ಲೂ ಹಾಗೆಯೇ. ಹೊತ್ತು ಮುಳುಗಿತೆಂದರೆ ಹಾವಿನ ಹೆಸರು ಹುಳ.

ತಿಂಗಳ ಹಿಂದಿನ ನೆರೆಯಲ್ಲಿ ದಿಣ್ಣೆಯ ಮೇಲೆ ನೂಕುನುಗ್ಗಲಾಗಿ, ಮೊಲ ಬೆಳ್ಳವ್ವನ ಗಂಡ ಜಾರಿ ನೀರಿಗೆ ಬಿದ್ದಿದ್ದ. ಬಿದ್ದವನು ಮತ್ತೆ ಬರಲಿಲ್ಲ. ಈ ಸಲ ಬೆಳ್ಳವ್ವನ ಹತ್ತಿರ ಮೂರು ಪುಟ್ಟ ಮರಿಗಳಿದ್ದವು, ಇನ್ನೂ ನೆಟ್ಟಗೆ ಜಿಗಿಯಲು ಬಾರದವು. ಗುಡುಗಿದಾಗಲೆಲ್ಲ ಅವಳು ಮರಿಗಳನ್ನು ಹೊಟ್ಟೆಯಡಿ ಎಳೆದುಕೊಂಡು ಕೂರುತ್ತಿದ್ದಳು. ದಿಣ್ಣೆಯ ಮೇಲೆ ಅಷ್ಟೊಂದು ಗೊರಸುಗಳ ನಡುವೆ ಇವನ್ನು ಹೇಗೆ ಉಳಿಸಿಕೊಳ್ಳಲಿ ಎನ್ನುವುದೊಂದೇ ಅವಳ ಚಿಂತೆ.

ಈ ಸಲ ಹಾಗಾಗಬಾರದು ಎಂದು ಎಲ್ಲರೂ ಸೇರಿ ಜಿಂಕೆ ಶೃಂಗಪ್ಪನಿಗೆ ಯಜಮಾನಿಕೆ ಕೊಟ್ಟರು. ಕೆಲಸಗಾರ ಅಂದರೆ ಕೆಲಸಗಾರ, ಹೆಚ್ಚುಕಡಿಮೆ ನನ್ನಂಥವನೇ. ಯಾರು ಯಾವ ದಾರಿಯಲ್ಲಿ ದಿಣ್ಣೆ ಹತ್ತಬೇಕು ಎಂದು ಮೊದಲೇ ನಡೆಸಿ ತೋರಿಸಿದ. ದಿಣ್ಣೆಯ ಮೇಲೆ ಹುಲ್ಲು, ಗೆಡ್ಡೆ ಕೂಡಿಹಾಕಿಸಿದ. ಸಣ್ಣವರು ನಡುವೆ, ದೊಡ್ಡವರು ಸುತ್ತ, ನೀರುಮಾವ ಕಂಡರೂ ಯಾರೂ ಕದಲಬಾರದು ಎಂದು ಪಾಠ ಹೇಳಿದ. ಎಲ್ಲ ಸರಿಯೇ. ಒಂದೇ ಐಬು: ಯಾರಾದರೂ ಬಾಯಿ ತೆರೆದರೆ ಸಾಕು, ಅರ್ಧಕ್ಕೇ "ಗೊತ್ತು ಬಿಡಿ" ಎನ್ನುತ್ತಿದ್ದ.

ಒಂದು ಮುಸ್ಸಂಜೆ ಕಾಡುಹಂದಿ ಕೊಚ್ಚಕ್ಕ ಅವನನ್ನು ಹುಡುಕಿಕೊಂಡು ಬಂದಳು. ಕಿವಿಯಿಂದ ಬಾಲದವರೆಗೆ ಕೆಸರು. ಅಕ್ಕಪಕ್ಕದವರು ಮೂಗು ಮುಚ್ಚಿ ಸರಿದು ನಿಂತರು. ಅದೆಲ್ಲ ಅವಳಿಗೆ ಅಭ್ಯಾಸವಾಗಿತ್ತು.

"ಶೃಂಗಪ್ಪನವರೇ, ಏರ್ಪಾಟೆಲ್ಲ ಚೆನ್ನಾಗಿದೆ. ಆದರೆ ನೀರು ನಿಂತ ಮೇಲೆ ದಿಣ್ಣೆಗೆ ಹುಳ ಬರುತ್ತದೆ. ಅದಕ್ಕೆ ಮೊದಲೇ ಎಲ್ಲರೂ ಮೈಗೆ..."

"ಗೊತ್ತು ಬಿಡಿ ಕೊಚ್ಚಕ್ಕ. ಒಬ್ಬರಿಗೂ ಹುಳ ಮುಟ್ಟದ ಹಾಗೆ ನೋಡಿಕೊಳ್ಳುವ ಭಾರ ನನ್ನದು."

"ಅಲ್ಲಪ್ಪ, ಪೂರ್ತಿ ಕೇಳು..."

"ಈ ಹೊತ್ತಿನಲ್ಲಿ ಆ ಸುದ್ದಿ ಎತ್ತಬಾರದು ಅಕ್ಕ. ಅಷ್ಟೂ ಗೊತ್ತಿಲ್ಲವೇ ನಿಮಗೆ?"

ಕೊಚ್ಚಕ್ಕ ಅವನ ಮುಖವನ್ನೇ ನೋಡಿದಳು. ಹಂದಿ ಮಾತಾಡಿದರೂ ಸಂಜೆ ರಾಹುಕಾಲ ನೋಡಬೇಕೇನೋ ಎಂದು ಗೊಣಗುತ್ತ ಹೊರಟಳು. ಹೋಗುವಾಗ ಬೆಳ್ಳವ್ವನ ಪೊದೆಯ ಮುಂದೆ ನಿಂತು, ನಾಳೆ ಮಕ್ಕಳನ್ನು ಕೆಸರುಗುಂಡಿಗೆ ಕರೆದುಕೊಂಡು ಬಾರೇ ಅಂದಳು. ಬೆಳ್ಳವ್ವ ಹೂಂ ಅಂದಳು. ಆಮೇಲೆ ಮರಿಗಳ ಬಿಳಿಹೊಟ್ಟೆ ನೋಡಿದಳು. ಕೆಸರು ಬಳಿದುಕೊಂಡು ಬಂದರೆ ನೆರೆಹೊರೆಯವರು ಏನಂದಾರು ಎಂದು ಯೋಚಿಸಿದಳು. ನಾಳೆಯ ಮಾತು ನಾಳೆಗಿರಲಿ ಎಂದುಕೊಂಡಳು.

ಅತ್ತ ಶೃಂಗಪ್ಪ ಸುಮ್ಮನೆ ಕೂರಲಿಲ್ಲ. ಮುಂಗುಸಿ ಕೆಂಚನನ್ನು ಕರೆಸಿ ದಿಣ್ಣೆಯ ಕಾವಲಿಗೆ ನೇಮಿಸಿದ. ದಿಣ್ಣೆಯಲ್ಲಿದ್ದ ಹುತ್ತದ ಬಾಯಿಗಳಿಗೆಲ್ಲ ಕಲ್ಲು ತುರುಕಿಸಿದ. ಹುಳದ ವಿಚಾರ ಮುಗಿಯಿತು ಎಂದು ಕೊಂಬು ಎತ್ತಿಕೊಂಡು ನಡೆದ.

ನಾಳೆ ಅನ್ನುವುದು ಬರಲಿಲ್ಲ, ನೆರೆ ಬಂತು. ಬೆಳಕು ಹರಿಯುವಷ್ಟರಲ್ಲಿ ಕೆನ್ನೀರು ಪೊದೆಗಳನ್ನು ನುಂಗಿತ್ತು.

ಶೃಂಗಪ್ಪ ಹೇಳಿಕೊಟ್ಟಂತೆಯೇ ಎಲ್ಲರೂ ಸಾಲಾಗಿ ದಿಣ್ಣೆ ಹತ್ತಿದರು. ನೂಕಲಿಲ್ಲ, ಕಿರುಚಲಿಲ್ಲ. ಬೆಳ್ಳವ್ವ ಮರಿಗಳೊಂದಿಗೆ ನಟ್ಟನಡುವೆ ಕುಳಿತಳು. ಸುತ್ತ ಜಿಂಕೆಗಳ ಕಾಲುಗಳು ಕಂಬಗಳ ಹಾಗೆ ನಿಂತಿದ್ದವು. ಒಂದೂ ಕದಲುತ್ತಿರಲಿಲ್ಲ. ನೀರು ಏರುತ್ತ ಏರುತ್ತ ದಿಣ್ಣೆಯ ಸೊಂಟಕ್ಕೆ ಬಂದು ನಿಂತಿತು. ದೂರದಲ್ಲಿ ಒಂದು ಮರದ ದಿಮ್ಮಿ ತೇಲುತ್ತಿತ್ತು. ನೀರು ಅತ್ತ ಹರಿಯುತ್ತಿದ್ದರೆ ದಿಮ್ಮಿ ಇತ್ತ ಬರುತ್ತಿತ್ತು. ಅದು ಎಂಥ ದಿಮ್ಮಿ ಎಂದು ಎಲ್ಲರಿಗೂ ತಿಳಿಯಿತು. ಆದರೂ ಯಾರೂ ಅಲುಗಾಡಲಿಲ್ಲ.

ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿತ್ತು. ಗಾಳಿ ನಿಂತಿತು. ನಿಂತ ನೀರಿನಿಂದ ಹಬೆ ಏಳತೊಡಗಿತು.

ಆಗ ಒಂದು ಕೇರೆಹಾವು ಈಜಿ ಈಜಿ ಸೋತು ದಿಣ್ಣೆಯ ಅಂಚಿಗೆ ತಲೆ ಇಟ್ಟಿತು. ಕೆಂಚ ಮೈಯೆಲ್ಲ ಮುಳ್ಳು ಮಾಡಿಕೊಂಡು ಎದುರು ನಿಂತ. ಶೃಂಗಪ್ಪ ಎಲ್ಲರ ಕಡೆ ತಿರುಗಿ, ಹುಳ ಬರುತ್ತದೆ ಅಂದಿದ್ದೆನಲ್ಲ, ಬಂತು ನೋಡಿ, ಕಾವಲೂ ಇದೆ ನೋಡಿ ಎಂದು ಹೇಳಿಕೊಂಡ.

ಕೇರೆ ಏದುಸಿರು ಬಿಡುತ್ತ, "ಕರಾರು ನನಗೂ ಇದೆಯಲ್ಲ ಸ್ವಾಮಿ. ಆಮೇಲೆ ಬೇಕಾದರೆ ಬೈಯಿರಿ, ಮೊದಲು ಒಳಗೆ ಬಿಡಿ. ಅವು ನನ್ನ ಹಿಂದೆಯೇ ಬರುತ್ತಿವೆ" ಅಂದಿತು.

"ಯಾವುವು?" ಅಂದ ಕೆಂಚ.

ನೀರಿನ ಮೇಲಿಂದ ಒಂದು ಕಪ್ಪು ಮೋಡ ಗುಂಯ್ ಎಂದು ಬಂತು. ಸೊಳ್ಳೆ, ನುಸಿ, ಹೆಬ್ಬೆಟ್ಟು ಗಾತ್ರದ ಕುರುಡುನೊಣ. ಗಾತ್ರ ನಾನು ಹೆಚ್ಚಿಸಿ ಹೇಳುತ್ತಿಲ್ಲ. ಇಳಿಸಿದ್ದೇನೆ, ನೀವು ಹೆದರಬಾರದೆಂದು. ಅದರ ಹಿಂದೆಯೇ ಕೆಂಪಿರುವೆಗಳು ಒಂದನ್ನೊಂದು ಕಚ್ಚಿ ಹಿಡಿದು ಉಂಡೆಯಾಗಿ ತೇಲಿ ಬಂದು ದಿಣ್ಣೆಗೆ ತಾಗಿ ಬಿಚ್ಚಿಕೊಂಡವು. ಸುತ್ತ ಎಲ್ಲೂ ಒಣನೆಲವಿಲ್ಲ, ಬಿಸಿರಕ್ತವಿಲ್ಲ. ಇದ್ದದ್ದೆಲ್ಲ ಈ ದಿಣ್ಣೆಯ ಮೇಲೆ.

ಜಿಂಕೆಗಳ ಚರ್ಮ ಅದುರತೊಡಗಿತು. ಒಂದು ಕಾಲು ಎತ್ತಿ ಇಟ್ಟಿತು. ಇನ್ನೊಂದು ಝಾಡಿಸಿತು. ಕಂಬಗಳೆಲ್ಲ ಅಲುಗಿದವು. ಬೆಳ್ಳವ್ವ ಮರಿಗಳನ್ನು ಅತ್ತ ಎಳೆದಳು, ಅಲ್ಲೂ ಗೊರಸು. ಇತ್ತ ಎಳೆದಳು, ಇಲ್ಲೂ ಗೊರಸು. ನಡುವಣ ಮರಿ ಕೀಂ ಎಂದಿತು. ಅದರ ಮುಂಗಾಲಿನ ಮೇಲೆ ಯಾರದೋ ಗೊರಸು ಬಿದ್ದಿತ್ತು.

ಕದಲಬೇಡಿ ಎಂದು ಶೃಂಗಪ್ಪ ಎಲ್ಲರಿಗೂ ಹೇಳುತ್ತಿದ್ದ, ಹೇಳುತ್ತ ತಾನೇ ಕುಣಿಯುತ್ತಿದ್ದ. ಏನಾದರೂ ಮಾಡು ಎಂದು ಕೆಂಚನನ್ನು ಗದರಿದ. ಕೆಂಚ ಬಾಲದೊಳಗೆ ಮೂಗು ಹುದುಗಿಸಿಕೊಂಡು, ತನಗೆ ವಹಿಸಿದ್ದು ಹುಳದ ಕಾವಲು, ರೆಕ್ಕೆ ಇರುವುದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಅಂದ.

"ಕೊಚ್ಚಕ್ಕ, ಹುಳ ಅಂದಿದ್ದು ಇವನ್ನೇ ಏನು?" ಎಂದು ಕೂಗಿದಳು ಬೆಳ್ಳವ್ವ.

"ಮತ್ತೇನಂದುಕೊಂಡಿರಿ? ಹಾರುವ ಹುಳ ಅಂದರೆ ಇವರು ಹರಿಯುವ ಹುಳಕ್ಕೆ ಕಾವಲಿಟ್ಟಿದ್ದಾರೆ. ಮೈಗೆ ಕೆಸರು ಬಳಿದುಕೊಳ್ಳಿ, ಮಕ್ಕಳ ಕೆಳಗೆ ಹುಳ ಓಡಿಸುವ ಲಕ್ಕಿ ಸೊಪ್ಪು ಹಾಸಿ ಅನ್ನಲು ಬಂದಿದ್ದೆ. ಅನ್ನಲು ಬಿಟ್ಟರಲ್ಲವೇ?"

ಲಕ್ಕಿ ಗಿಡಗಳು ಈಗ ನೀರಿನ ತಳದಲ್ಲಿದ್ದವು. ಕೆಸರು ಮಾತ್ರ ಇತ್ತು, ದಿಣ್ಣೆಯ ಅಂಚಿನಲ್ಲಿ, ನೀರು ನೆಲ ಕೂಡುವ ಕಡೆ. ನಿನ್ನೆ ನಗುನಗುತ್ತ ಹೊರಳಾಡಿ ಬರಬಹುದಾಗಿದ್ದ ಕೆಸರು. ಇಂದು ಅದರ ಪಕ್ಕದಲ್ಲೇ ಆ ದಿಮ್ಮಿ ಬಂದು ನಿಂತಿತ್ತು.

ಕೊಚ್ಚಕ್ಕ ಅಂಚಿಗೆ ಇಳಿದಳು. ಮೂತಿ ಕೆಸರಿಗೆ ಹಾಕಿದರೆ ಕಣ್ಣು ನೀರಿನ ಕಡೆ ಇರುವುದಿಲ್ಲ. ಯಾರಾದರೂ ನೋಡುತ್ತಿರಬೇಕು, ದಿಮ್ಮಿ ಮುಳುಗಿದ ಕೂಡಲೇ ಹೇಳಬೇಕು ಅಂದಳು. ಜಿಂಕೆಗಳು ನೊಣ ಝಾಡಿಸುವುದರಲ್ಲೇ ಮುಳುಗಿದ್ದವು. ಯಾರೂ ಮುಂದೆ ಬರಲಿಲ್ಲ.

ಬೆಳ್ಳವ್ವ ಮರಿಗಳನ್ನು ನೋಡಿದಳು. ಇಲ್ಲೇ ಕೂತರೆ ಗೊರಸಿನಡಿ ಹೋಗುತ್ತವೆ. ಬಿಟ್ಟು ಹೋದರೆ? ಹೆಚ್ಚು ಯೋಚಿಸಲು ಸಮಯವಿರಲಿಲ್ಲ. ಸುಸ್ತಾಗಿ ಬಿದ್ದಿದ್ದ ಕೇರೆಗೆ, ಅಣ್ಣಾ, ನನ್ನ ಮಕ್ಕಳ ಸುತ್ತ ಸ್ವಲ್ಪ ಸುತ್ತಿಕೊಂಡು ಮಲಗು ಅಂದಳು. ಕೇರೆ ಒಂದು ಸಲ ಕಣ್ಣರಳಿಸಿ ನೋಡಿತು. ಆಮೇಲೆ ಮೆಲ್ಲಗೆ ಬಂದು ಮರಿಗಳ ಸುತ್ತ ಸಿಂಬೆಯಾಗಿ ಕೂತಿತು. ಎಷ್ಟೇ ಕುಣಿದರೂ ಹಾವಿನ ಮೇಲೆ ಕಾಲಿಡುವ ಜಿಂಕೆ ಹುಟ್ಟಿಲ್ಲ. ಸುತ್ತ ಒಂದು ಮಾರು ಜಾಗ ತಾನಾಗಿ ಖಾಲಿಯಾಯಿತು.

ಬೆಳ್ಳವ್ವ ಅಂಚಿನಲ್ಲಿ ಕೂತು ನೀರನ್ನೇ ನೋಡಿದಳು. ಸೊಳ್ಳೆಗಳು ಅವಳ ಕಿವಿಗಳನ್ನು ಮುತ್ತಿಕೊಂಡವು, ಒಂದು ರೆಪ್ಪೆಯ ಮೇಲೇ ಕೂತಿತು. ಅವಳು ಕಣ್ಣು ಮುಚ್ಚಲಿಲ್ಲ. ಕೊಚ್ಚಕ್ಕ ಮೂತಿಯಿಂದ ಕೆಸರು ಬಗೆದು ಹಿಂದಕ್ಕೆ ಚಿಮ್ಮಿದಳು. ಮೊದಲ ಮುದ್ದೆ ಮರಿಗಳ ಮೇಲೆ ಬಿತ್ತು, ಎರಡನೆಯದು ಜಿಂಕೆಗಳ ಬೆನ್ನಿಗೆ. ಬಿದ್ದಲ್ಲೆಲ್ಲ ನೊಣ ಎದ್ದು ಹೋಯಿತು. ಬೆಳ್ಳವ್ವ ಹಿಂಗಾಲಿನಿಂದ ನೆಲ ಬಡಿದಾಗ ಕೊಚ್ಚಕ್ಕ ಹಿಂದೆ ಹಾರುತ್ತಿದ್ದಳು. ಬಡಿತ ನಿಂತರೆ ಮತ್ತೆ ಇಳಿಯುತ್ತಿದ್ದಳು.

ಇನ್ನೇನು ಶೃಂಗಪ್ಪನ ಸರದಿ ಬರಬೇಕು. ಒಂದು ಕುರುಡುನೊಣ ಅವನ ಮೂಗಿನೊಳಗೆ ಹೊಕ್ಕು ಕಚ್ಚಿತು. ಅವನು ನಿಂತಲ್ಲಿಂದಲೇ ಚಿಮ್ಮಿದ, ತಲೆ ಯಾವ ಕಡೆ ಎಂದು ತಿಳಿಯದೆ. ಹಿಂಗಾಲುಗಳು ಅಂಚು ದಾಟಿ ಕೆಸರಿನಲ್ಲಿ ಜಾರಿದವು. ಬೆಳ್ಳವ್ವ ನೆಲ ಬಡಿದಳು. ದಿಮ್ಮಿ ಕಾಣುತ್ತಿರಲಿಲ್ಲ.

ಕೊಚ್ಚಕ್ಕ ಹಿಂದೆ ಹಾರಲಿಲ್ಲ. ಅವನ ಪಕ್ಕೆಗೆ ಮೂತಿ ಕೊಟ್ಟು ಮೇಲಕ್ಕೆ ಎತ್ತಿ ಎಸೆದಳು. ನೀರು ಒಡೆದು ಬಾಯಿ ತೆರೆಯಿತು, ಚಪ್ ಎಂದು ಮುಚ್ಚಿತು. ಶೃಂಗಪ್ಪ ದಿಣ್ಣೆಯ ಮೇಲೆ ಬಂದು ಬಿದ್ದ. ಅವನ ಬಾಲ ಮಾತ್ರ ನೀರುಮಾವನ ಜೊತೆ ಹೋಯಿತು. ಬೆನ್ನ ಹಿಂದೆ ನೊಣ ಝಾಡಿಸಲು ಜಿಂಕೆಗೆ ಇರುವುದು ಅದೊಂದೇ, ಅದೂ ಗೇಣುದ್ದದ್ದು.

ಅವನು ಬಿದ್ದಲ್ಲಿಂದ ಏಳಲಿಲ್ಲ. "ಬಳಿಯಿರಿ ಅಕ್ಕ" ಅಂದ. ಕೊಚ್ಚಕ್ಕ ಬಳಿದಳು. ಹೊತ್ತು ಇಳಿಯುವ ಹೊತ್ತಿಗೆ ದಿಣ್ಣೆಯ ಮೇಲೆ ಜಿಂಕೆ ಯಾವುದು, ಹಂದಿ ಯಾವುದು ಎಂದು ಹೇಳುವುದು ಕಷ್ಟವಾಗಿತ್ತು. ಎಲ್ಲರ ಕಾಲುಗಳೂ ಮತ್ತೆ ಕಂಬಗಳಾಗಿದ್ದವು. ದಿಮ್ಮಿ ಬಹಳ ಹೊತ್ತು ಕಾದು, ಬೇಸರವಾಗಿ, ಹೊಳೆಯ ಕಡೆ ತೇಲಿಹೋಯಿತು.

ನೀರು ಇಳಿದ ಮೇಲೆ ಎಲ್ಲರೂ ಸಾಲಾಗಿ ಕೆಳಗಿಳಿದರು. ಬೆಳ್ಳವ್ವನ ಮರಿಗಳೆಲ್ಲ ಉಳಿದಿದ್ದವು. ನಡುವಣದು ಮಾತ್ರ ಒಂದು ಕಾಲು ಎಳೆದುಕೊಂಡು ನಡೆಯುತ್ತಿತ್ತು. ಆ ಕುಂಟು ಅದಕ್ಕೆ ಕೊನೆತನಕ ಉಳಿಯಿತು. ಯಾವಾಗಲೂ ಮುಂದೆ ನಡೆಯುವ ಶೃಂಗಪ್ಪ ಆ ಮರಿಯ ಹಿಂದೆ, ಅದರ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಿಧಾನವಾಗಿ ನಡೆದ. ಒಂದು ನೆಗೆತಕ್ಕೆ ದಾಟಬಹುದಾದ ದಾರಿಗೆ ಬೆಳಗಿನಿಂದ ಬಿಸಿಲೇರುವವರೆಗೆ ಹಿಡಿಯಿತು. ದಾರಿಯುದ್ದಕ್ಕೂ ಪಕ್ಕದಲ್ಲಿ ಕೊಚ್ಚಕ್ಕ ಮಾತಾಡುತ್ತಲೇ ಇದ್ದಳು, ಯಾವ ಸೊಪ್ಪು, ಯಾವ ಮಣ್ಣು, ಎಷ್ಟು ದಪ್ಪ ಬಳಿಯಬೇಕು, ಒಣಗಿ ಉದುರಿದರೆ ಏನು ಮಾಡಬೇಕು ಎಂದು. ಅವಳ ಮಾತು ಉದ್ದ, ಬಲು ಉದ್ದ. ನಾನೇ ಎರಡು ಸಲ ಆಕಳಿಸಿದೆ. ಶೃಂಗಪ್ಪ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

ನೀತಿ: ಆಪತ್ತಿಗೆ ಅಣಿಯಾಗುವವನು ಸಣ್ಣ ಹುಳದಿಂದಲೂ ಮೈ ಕಾಯುವ ದಾರಿಯನ್ನು ಮೊದಲೇ ನೋಡಿಕೊಳ್ಳಬೇಕು, ಎಚ್ಚರಿಸಲು ಬಂದವರ ಮಾತನ್ನು ಮುಗಿಯುವ ತನಕ ಕೇಳಬೇಕು.