ಮೊಪೆಡ್ಡಿನ ಹೊಟ್ಟೆಕಿಚ್ಚು

ಸಾವಂತ್ರವ್ವ ಹೊಸದಾಗಿ ಕೊಂಡ ಭಾರಿ ಬೈಕು ಅಂಗಳದಲ್ಲೇ ಮಗುಚಿಬಿತ್ತು. ಆಕೆ ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಕಾಲೂರಿ ತಳ್ಳಿ ಅದನ್ನು ಎತ್ತಿ ನಿಲ್ಲಿಸಿದಳು. ಆಮೇಲೆ ಅದರ ಮೈಯೆಲ್ಲ ಒರೆಸಿದಳು.

ಹಳೆಯ ಮೊಪೆಡ್ಡಿಗೆ ಹೊಟ್ಟೆ ಉರಿಯಿತು. "ಹನ್ನೊಂದು ವರ್ಷ ಹೊತ್ತು ತಿರುಗಿದ ನನ್ನನ್ನು ಒಮ್ಮೆಯೂ ಹೀಗೆ ಒರೆಸಲಿಲ್ಲ," ಎಂದು ತಾನೂ ಬೇಕೆಂದೇ ಉರುಳಿಬಿತ್ತು. ಆಕೆ ಫೋನಿನಲ್ಲಿ ಮಾತಾಡುತ್ತಲೇ ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿದಳು.

"ಬೇಸರ ಬೇಡಣ್ಣ," ಎಂದಿತು ಬೈಕು ಮರುದಿನ ಬೆಳಿಗ್ಗೆ. "ನನ್ನನ್ನೆತ್ತಿ ಅವಳ ಸೊಂಟ ಹಿಡಿದಿದೆ. ಇನ್ನು ಹದಿನೈದು ದಿನ ಸವಾರಿ ನಿನ್ನ ಮೇಲೆಯೇ."

ಮೊಪೆಡ್ ಬೀಗುತ್ತ ಅವಳನ್ನು ಹೊತ್ತು ಸಂತೆಗೆ ಹೊರಟಿತು. ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆಲ್ಲ ಅವಳು, ಬಿದ್ದ ಬೈಕನ್ನು ಒಬ್ಬಳೇ ಎತ್ತಿದ ಕಥೆ ಹೇಳಿದಳು. ಮನೆ ಮುಟ್ಟುವಷ್ಟರಲ್ಲಿ ಮೊಪೆಡ್ಡಿಗೆ ಆ ಕಥೆ ಬಾಯಿಪಾಠವಾಗಿತ್ತು. ಅದರಲ್ಲಿ ತನ್ನ ಹೆಸರು ಎಲ್ಲೂ ಇರಲಿಲ್ಲ.